ಉಪ್ಪಾಗೆ ತುಪ್ಪದಲ್ಲಿ ವಾಸವಾಗಿರುವ ಆಂಟಿಆಕ್ಸಿಡೆಂಟುಗಳಿಗೆ

ಮಾನ್ಯ ಆಂಟಿಆಕ್ಸಿಡೆಂಟುಗಳೇ,

ಹೊಸನಗರ ತಾಲ್ಲೂಕಿನ ಗೃಹಿಣಿ ವನಮಾಲಾ ತಮ್ಮ ಪಾದಾರವಿಂದಗಳಿಗೆ, ತಮಗೆ ಪಾದಗಳಿದ್ದಲ್ಲಿ, ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕಾಡಿನ ಉಪ್ಪಾಗೆ ಹಣ್ಣಿನ ಬೀಜದಿಂದ ನಾವು ತೆಗೆಯುವ ತುಪ್ಪದಲ್ಲಿ ತಾವು ತಲೆತಲಾಂತರದಿಂದ ಬಿಡಾರ ಹೂಡಿದ್ದರೂ ಒಂದು ದಿನವೂ ಕೆಮ್ಮಿ ಸುಳಿವು ಕೊಡದೆ ಇದ್ದುದರಿಂದ, ನನ್ನ ಅತ್ತೆ ತುಂಗಮ್ಮನವರು ತಮ್ಮನ್ನು ಬಿಸಿ ದೋಸೆಯ ಮೇಲೆ ಸವರಿದ್ದಲ್ಲದೆ ಒಡೆದ ಹಿಮ್ಮಡಿಗೂ ತಿಕ್ಕಿಕೊಂಡಿದ್ದಾರೆ. ತಿಳಿಯದೆ ಆದ ಅಪಚಾರ, ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮ್ಮ ಪರಿಚಯ ಮಾಡಿಸಿದವರು ನಮ್ಮ ಯಜಮಾನರಾದ ಗಣೇಶಮೂರ್ತಿಯವರು. ಊಟ ಚೆನ್ನಾಗಿರುತ್ತದೆಂದು ತೀರ್ಥಹಳ್ಳಿಯ ವಿಚಾರ ಸಂಕಿರಣವೊಂದಕ್ಕೆ ಹೋದವರು, ಈ ತುಪ್ಪದಲ್ಲಿ ಸ್ಟಿಯರಿಕ್ ಆಮ್ಲವಿದೆ, ಒಲೆಯಿಕ್ ಆಮ್ಲವಿದೆ, ಮೇಲಾಗಿ ತಾವಿದ್ದೀರಿ, ಕಾವು ಹೆಚ್ಚಾದರೆ ತಾವು ಮುನಿಸಿಕೊಂಡು ಹೊರಟುಹೋಗುತ್ತೀರಿ ಎಂದು ಕೇಳಿಕೊಂಡು ಬಂದರು. ಅಂದಿನಿಂದ ನಮ್ಮಲ್ಲಿ ದೋಸೆ ಆರಿ ಚರ್ಮವಾದ ಮೇಲೆಯೇ ತುಪ್ಪ. ತಮ್ಮ ಸೂಕ್ಷ್ಮ ಸ್ವಭಾವ ಮೆಚ್ಚತಕ್ಕದ್ದೇ. ನಮ್ಮ ಮನೆಯ ಅಳಿಯಂದಿರೂ ಇಷ್ಟು ಉಪಚಾರ ಬಯಸಿದವರಲ್ಲ.

ಅಷ್ಟಕ್ಕೇ ನಿಂತಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಅತ್ತೆಯವರು ಬೀಜ ಕುಟ್ಟಿ, ನೀರಲ್ಲಿ ಕುದಿಸಿ, ತೇಲಿ ಬಂದ ತುಪ್ಪ ತೆಗೆಯುವುದೇ ತಮಗೆ ಕೊಡುವ ಚಿತ್ರಹಿಂಸೆ ಎಂದು ಯಜಮಾನರು ಈ ಮಳೆಗಾಲದ ಬೀಜವನ್ನೆಲ್ಲ ಸಾಗರದ ಸುಬ್ಬಪ್ಪನವರ ಎಣ್ಣೆ ಗಾಣಕ್ಕೆ ಒಯ್ದು, ಬಿಸಿ ತಾಗಿಸದೆ ಹಿಂಡಬೇಕೆಂದು ಅಪ್ಪಣೆ ಮಾಡಿದರು. ಹೆಪ್ಪುಗಟ್ಟುವುದು ಉಪ್ಪಾಗೆ ತುಪ್ಪದ ಹುಟ್ಟುಗುಣ. ಆ ಥಂಡಿಯಲ್ಲಿ ಅದು ಯಂತ್ರದ ಹೊಟ್ಟೆಯಲ್ಲೇ ಗಟ್ಟಿಯಾಗಿ ಕೂತಿತು. ಯಜಮಾನರು ಖಾಲಿ ಡಬ್ಬಿ ಹಿಡಿದು ಮನೆಗೆ ಬಂದರು. "ಈ ವರ್ಷ ತುಪ್ಪ ಇಲ್ಯನೇ ಕೂಸೆ?" ಎಂದು ಅತ್ತೆ ನನ್ನನ್ನು ಕೇಳಿದರು. ಮಗನನ್ನು ಕೇಳಲಿಲ್ಲ.

ಆದ್ದರಿಂದ ಬರುವ ವರ್ಷ ಅತ್ತೆಯವರು ಒಲೆ ಹೊತ್ತಿಸಿದ ಕೂಡಲೇ ತಾವು ದಯಮಾಡಿ ಬೀಜದಿಂದೆದ್ದು ಜಗಲಿಗೆ ಬಂದು, ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದು, ದೋಸೆ ಬಾಳೆಲೆಗೆ ಬಿದ್ದ ಮೇಲೆ ಒಳಗೆ ಹೋಗಬೇಕಾಗಿ ಪ್ರಾರ್ಥನೆ. ಅದು ಆಗದಿದ್ದರೆ, ಹೊರಡುವಾಗ ಯಜಮಾನರನ್ನೂ ಒಂದೆರಡು ತಿಂಗಳ ಮಟ್ಟಿಗೆ ಜೊತೆಯಲ್ಲಿ ಕರೆದೊಯ್ಯಬೇಕು.

ತಮ್ಮ ಕ್ಷೇಮವನ್ನೇ ಬಯಸಿ ಬಯಸಿ ಸೊರಗಿರುವ,
ತಮ್ಮ ವಿಶ್ವಾಸಿ,
ವನಮಾಲಾ

ಮರೆತ ಮಾತು: ಯಂತ್ರ ಬಿಡಿಸಲು ಸುಬ್ಬಪ್ಪನವರು ಕೊನೆಗೆ ಒಂದು ಹಂಡೆ ಕುದಿನೀರು ಸುರಿದರಂತೆ, ತುಪ್ಪವೆಲ್ಲ ಕರಗಿ ತೇಲಿ ಬಂತಂತೆ. ಗಾಣ ಕೆಡಿಸಿದ್ದಕ್ಕೆ ಅದನ್ನು ಅವರೇ ಇಟ್ಟುಕೊಂಡರು. ಆ ಮನೆಯಲ್ಲಿ ತಮ್ಮ ಹೆಸರನ್ನು ಯಾರೂ ಕೇಳಿಲ್ಲವಾದ್ದರಿಂದ, ದಿನಾ ಬೆಳಿಗ್ಗೆ ಬಿಸಿ ದೋಸೆಗೇ ಹಾಕಿಕೊಂಡು ತಿನ್ನುತ್ತಿದ್ದಾರೆ.