ಬಲಗೈಗೆ ಕಟ್ಟಿದ ವಾಚು

ಐವತ್ತು ದಾಟಿದ ಗಂಡಸಿನ ದೇಹದ ಮೇಲೆ ಅವನೊಬ್ಬನನ್ನು ಬಿಟ್ಟು ಊರಿನವರಿಗೆಲ್ಲ ಹಕ್ಕಿರುತ್ತದೆ. ಹೊಟ್ಟೆ ಹೆಂಡತಿಯ ಸುಪರ್ದಿಗೆ, ರಕ್ತ ಲ್ಯಾಬಿನವರ ಸುಪರ್ದಿಗೆ, ಮಂಡಿನೋವು ಬಿಟ್ಟಿ ಸಲಹೆ ಕೊಡುವ ಪಕ್ಕದ ಮನೆಯವರ ಸುಪರ್ದಿಗೆ. ನನ್ನ ಪಾಲಿಗೆ ಉಳಿದಿದ್ದದ್ದು ನಾಲಿಗೆಯೊಂದೇ. ಅದನ್ನೂ ಕಳೆದ ವರ್ಷ ರಾಮಮೂರ್ತಿ ನಗರದ ನಮ್ಮ ಡಾಕ್ಟರಮ್ಮ ಕಿತ್ತುಕೊಂಡರು. ನನ್ನ ರಕ್ತದ ವರದಿ ನೋಡಿ, "ಮೂರ್ತಿಯವರೇ, ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ. ಮೂರು ತಿಂಗಳು ಟೈಮ್ ಕೊಡ್ತೀನಿ. ಬಾಯಿ ಕಟ್ಟಿ, ದಿನಾ ಎಂಟು ಸಾವಿರ ಹೆಜ್ಜೆ ನಡೀರಿ. ಇಳಿದ್ರೆ ಸರಿ, ಇಲ್ಲಾಂದ್ರೆ ಮಾತ್ರೆ ಶುರು ಮಾಡ್ಬೇಕಾಗುತ್ತೆ" ಎಂದರು. ಮಾತ್ರೆ ಎಂದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ತಮಾಷೆಗೆ ಹೇಳುತ್ತಿಲ್ಲ. ನಮ್ಮಪ್ಪನಿಗೂ ಇದೇ ವಯಸ್ಸಿನಲ್ಲಿ ಒಂದೇ ಒಂದು ಮಾತ್ರೆಯಿಂದ ಶುರುವಾಗಿ, ಆಮೇಲೆ ಡಬ್ಬಿ ತುಂಬ ಮಾತ್ರೆಯಾಗಿ, ಕೊನೆಗೆ ಕಾಲಿನ ಎರಡು ಬೆರಳು ಹೋದವು. ಆ ಡಬ್ಬಿಗೆ ಹೆದರುವಷ್ಟು ನಾನು ಯಮನಿಗೂ ಹೆದರುವುದಿಲ್ಲ.

ನಡೆಯುವುದೇನೋ ಸರಿ, ಎಣಿಸುವವರು ಯಾರು? "ನೀವು ಎಣಿಸ್ತೀರಾ? ಎರಡು ಪ್ಯಾಕೆಟ್ ಹಾಲು ತನ್ನಿ ಅಂದ್ರೆ ಒಂದು ತರೋರು ನೀವು!" ಎಂದಳು ನನ್ನ ಹೆಂಡತಿ ಪಂಕಜ. ಆದ್ದರಿಂದ ಹೆಜ್ಜೆ ಎಣಿಸುವ ಸ್ಮಾರ್ಟ್‌ವಾಚು ತರುವುದೆಂದು ಅವಳೇ ತೀರ್ಮಾನಿಸಿದಳು. ಜೊತೆಗೆ ಅದರಲ್ಲಿ ಫೋನ್ ಕರೆಯೂ ಬರಬೇಕೆಂಬ ಷರತ್ತು. ನನ್ನ ಫೋನು ಬ್ಯಾಗಿನಲ್ಲಿ ಊಟದ ಡಬ್ಬಿಯ ಕೆಳಗೆ ಮಲಗಿರುತ್ತದೆ. ಅವಳ ಕರೆ ಅನ್ನ ಸಾರನ್ನು ದಾಟಿ ನನ್ನ ಕಿವಿಗೆ ತಲುಪಿದ ಉದಾಹರಣೆ ಇಲ್ಲ. ಇಪ್ಪತ್ತೇಳು ವರ್ಷದ ದಾಂಪತ್ಯದಲ್ಲಿ ನನಗೆ ಉಳಿದಿದ್ದ ಸ್ವಾತಂತ್ರ್ಯ ಅದೊಂದೇ ಆಗಿತ್ತು.

ಮೊದಲು ಇಂದಿರಾನಗರದ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿನ ಎ.ಸಿ. ಎಷ್ಟು ಜೋರಾಗಿತ್ತೆಂದರೆ ಬೆಲೆ ಕೇಳಿದಾಗ ಬರುವ ಬೆವರು ಅಲ್ಲೇ ಆರಿಹೋಗುತ್ತಿತ್ತು. ಬಹುಶಃ ಅದಕ್ಕೇ ಇಟ್ಟಿದ್ದಾರೆ. ಮಾರಾಟದ ಹುಡುಗಿ ಬಹಳ ವಿನಯದಿಂದ, "ಸರ್, ಇದ್ರಲ್ಲಿ ನೂರಕ್ಕಿಂತ ಜಾಸ್ತಿ ಸ್ಪೋರ್ಟ್ಸ್ ಮೋಡ್ ಇದೆ. ನೀವು ಸ್ವಿಮ್ಮಿಂಗ್ ಮಾಡ್ತೀರಾ?" ಎಂದಳು. "ಮಳೆಗಾಲದಲ್ಲಿ ಮಹದೇವಪುರದ ರಸ್ತೆಗೆ ಇಳಿದಾಗ ಮಾಡ್ತೀನಮ್ಮ" ಎಂದೆ. ಪಂಕಜ ನನ್ನ ಮೊಣಕೈ ತಿವಿದಳು. ಆ ವಾಚಿನಲ್ಲಿ ಹಿಮದ ಮೇಲೆ ಜಾರುವುದನ್ನು, ದೋಣಿಗೆ ಹುಟ್ಟು ಹಾಕುವುದನ್ನು, ಬೆಟ್ಟ ಹತ್ತುವುದನ್ನು ಅಳೆಯುವ ಸೌಲಭ್ಯವಿತ್ತು. ತರಕಾರಿ ಚೀಲ ಹಿಡಿದು ಮೂರನೇ ಮಹಡಿ ಹತ್ತುವುದಕ್ಕೆ ಇರಲಿಲ್ಲ. ಬೆಲೆ ನನ್ನ ಮೊದಲ ಸ್ಕೂಟರಿಗಿಂತ ಹೆಚ್ಚಿತ್ತು. ಸ್ಕೂಟರಾದರೂ ನನ್ನನ್ನು ನಡೆಯದಂತೆ ಮಾಡಿತ್ತು, ಇದು ದುಡ್ಡೂ ತೆಗೆದುಕೊಂಡು ನಡೆಸುತ್ತದಂತೆ.

ಆಮೇಲೆ ಒಂದು ವಾರ ಇಂಟರ್‌ನೆಟ್ಟಿನಲ್ಲಿ ಜನರ ಅಭಿಪ್ರಾಯ ಓದಿದೆ. ಒಬ್ಬರು ಐದು ನಕ್ಷತ್ರ ಕೊಟ್ಟು, "ಇನ್ನೂ ಬಾಕ್ಸ್ ತೆರೆದಿಲ್ಲ, ತುಂಬಾ ಚೆನ್ನಾಗಿದೆ" ಎಂದಿದ್ದರು. ಇನ್ನೊಬ್ಬರು ಒಂದೇ ನಕ್ಷತ್ರ ಕೊಟ್ಟು, ತಂದುಕೊಟ್ಟವನು ಮಾತ್ರ ಬಹಳ ಒಳ್ಳೆಯವನೆಂದು ಹೊಗಳಿದ್ದರು. ನನ್ನ ಮದುವೆಗೆ ಹೆಣ್ಣು ಗೊತ್ತುಮಾಡುವಾಗ ನಮ್ಮಪ್ಪ ಇಬ್ಬರನ್ನು ವಿಚಾರಿಸಿ ಮುಗಿಸಿದ್ದರು. ನಾನು ಒಂದು ವಾಚಿಗಾಗಿ ನಾಲ್ಕುನೂರು ಜನರನ್ನು ವಿಚಾರಿಸಿ ತಲೆನೋವು ಬರಿಸಿಕೊಂಡೆ. ಈ ಮಾತನ್ನು ಪಂಕಜನ ಮುಂದೆ ಹೇಳಿ ಆ ದಿನ ಕಾಫಿಯನ್ನೂ ಕಳೆದುಕೊಂಡೆ.

ಕೊನೆಗೆ ಕೈಹಿಡಿದವನು ಅಮ್ಜದ್. ದಂಡು ಪ್ರದೇಶದ ವಿಮಾ ಕಚೇರಿಯೊಂದರಲ್ಲಿ ಅವನೂ ನಾನೂ ಅಕ್ಕಪಕ್ಕದ ಮೇಜಿನವರು. ಅವನು ಹುಟ್ಟಿ ಬೆಳೆದದ್ದೆಲ್ಲ ಶಿವಾಜಿನಗರ. "ಅರೆ ಮೂರ್ತಿ ಸಾರ್, ಇಂದಿರಾನಗರಕ್ಕೆ ಯಾಕೆ ಹೋದ್ರಿ? ಅಲ್ಲಿ ಬಾಗಿಲು ತೆಗೆದಿದ್ದಕ್ಕೂ ದುಡ್ಡು ತಗೋತಾರೆ. ಬನ್ನಿ ನನ್ ಜೊತೆ" ಎಂದು ಒಂದು ಸಂಜೆ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಕರೆದೊಯ್ದ. ಅಂಗಡಿಯೆಂದರೆ ಒಂದು ಬೀರುವಿನಷ್ಟು ಜಾಗ. ಯಜಮಾನರು ಒಂದು ವಾಚು ತೆಗೆದು, "ಕಾಲಿಂಗ್ ಇದೆ, ವಾಕಿಂಗ್ ಇದೆ, ದಿಲ್ ಕಾ ಧಡ್ಕನ್ ಭೀ ಇದೆ ಸಾರ್, ಎಲ್ಲಾ ಇದೆ" ಎಂದರು. ಅಮ್ಜದ್ ಯಜಮಾನರ ಮುಂದಿದ್ದ ಚಹಾದ ಲೋಟಕ್ಕೆ ಆ ವಾಚನ್ನು ಕಟ್ಟಿ ಎದೆಬಡಿತದ ಗುಂಡಿ ಒತ್ತಿದ. ಲೋಟದ ಎದೆ ನಿಮಿಷಕ್ಕೆ ಎಪ್ಪತ್ತೆರಡು ಸಲ ಬಡಿಯುತ್ತಿತ್ತು! "ನೋಡಿ ಸಾರ್, ಚಾಯ್ ನಿಮಗಿಂತ ಆರೋಗ್ಯವಾಗಿದೆ" ಎಂದ. ಯಜಮಾನರಿಗೆ ಅವಮಾನವಾಯಿತು. ಎರಡನೇ ವಾಚು ಲೋಟಕ್ಕೆ ಎಂಬತ್ತು ಕೊಟ್ಟಿತು. ಮೂರನೆಯದನ್ನು ಕಟ್ಟಿದಾಗ ಏನೂ ಬರಲಿಲ್ಲ, ಎರಡು ಗೆರೆ ಮಾತ್ರ. "ಇದು ಸುಳ್ಳು ಹೇಳಲ್ಲ, ಇದನ್ನೇ ತಗೊಳ್ಳಿ" ಎಂದ ಅಮ್ಜದ್. ಲೋಟದ ಮುಂದೆ ಪ್ರಾಮಾಣಿಕವಾಗಿದ್ದದ್ದು ಮೂರ್ತಿಯ ಮುಂದೂ ಹಾಗೇ ಇರುತ್ತದೆಂದು ನಂಬಿ ಕೊಂಡೆ.

ಮನೆಗೆ ಬಂದ ಮೇಲೆ ಹೊಸ ತಕರಾರು. ನನ್ನ ಎಡಗೈಯಲ್ಲಿ ಮದುವೆಯಲ್ಲಿ ಮಾವನವರು ಕಟ್ಟಿದ, ಕೀ ಕೊಡುವ ವಾಚಿದೆ. ಅದನ್ನು ಬಿಚ್ಚಲು ಹೋದೆ. "ಅಪ್ಪ ಮಂಟಪದಲ್ಲಿ ಕಟ್ಟಿದ್ದು ರೀ ಅದು. ಗಲ್ಲಿಯಿಂದ ತಂದಿದ್ದಕ್ಕೋಸ್ಕರ ಅದನ್ನ ಬಿಚ್ತೀರಾ?" ಎಂದು ಪಂಕಜ ಕಣ್ಣಲ್ಲಿ ನೀರು ತಂದುಕೊಂಡಳು. ಮಾವನವರ ವಾಚು ದಿನಕ್ಕೆ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತದೆ. ಆದರೂ ಮಾವನವರು ಮಾವನವರೇ. ಹಾಗಾಗಿ ಸ್ಮಾರ್ಟ್‌ವಾಚು ಬಲಗೈಗೆ ಬಂತು.

ಕರೆಯ ಸೌಲಭ್ಯ ಮೊದಲ ದಿನವೇ ತನ್ನ ಪ್ರತಾಪ ತೋರಿಸಿತು. ಸಂಜೆ ಶಿವಾಜಿನಗರದಿಂದ ಹೊರಟ ತುಂಬಿದ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ನೇತಾಡುತ್ತಿದ್ದೆ. ಹಲಸೂರು ದಾಟುತ್ತಿದ್ದ ಹಾಗೆ ಸರಳು ಹಿಡಿದ ಬಲಗೈಯ ವಾಚು ಗುರ್ ಎಂದಿತು. ಏನನ್ನೋ ಒತ್ತಿದೆ. ನಲವತ್ತು ಜನರ ತಲೆಯ ಮೇಲಿಂದ ಪಂಕಜನ ಧ್ವನಿ ಆಕಾಶವಾಣಿಯ ಹಾಗೆ ಮೊಳಗಿತು: "ರೀ, ಬರ್ತಾ ಹಾಗಲಕಾಯಿ ತನ್ನಿ. ಮತ್ತೆ ರಾತ್ರಿ ಇಸಬ್ಗೋಲ್ ತಗೊಂಡಿದ್ರಲ್ಲ, ಬೆಳಿಗ್ಗೆ ಹೊಟ್ಟೆ ಕ್ಲಿಯರ್ ಆಯ್ತಾ?" ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ಕೈ ಇಳಿಸಿದರೆ ಬೀಳುತ್ತೇನೆ, ಇಳಿಸದಿದ್ದರೆ ಮಾನ ಬೀಳುತ್ತದೆ. ಕಂಡಕ್ಟರ್ ಹಿಂದಿನಿಂದ, "ಸಾರ್, ಆಯ್ತು ಅಂತ ಹೇಳ್ಬಿಡಿ, ಎಲ್ರಿಗೂ ನೆಮ್ಮದಿ" ಎಂದ. ಅಂದಿನಿಂದ ಆ ಬಸ್ಸಿನಲ್ಲಿ ನನ್ನನ್ನು ಕಂಡರೆ ಇಬ್ಬರು ಮೂವರು ಕಾಳಜಿಯಿಂದ ನಗುತ್ತಾರೆ.

ಆದರೆ ಹೆಜ್ಜೆಯ ವಿಷಯದಲ್ಲಿ ಮಾತ್ರ ವಾಚು ನನ್ನನ್ನು ತಲೆಯ ಮೇಲೆ ಹೊತ್ತು ಮೆರೆಸಿತು. ಮೊದಲ ವಾರವೇ ದಿನಕ್ಕೆ ಒಂಬತ್ತು ಸಾವಿರ! ನಾನು ಇಷ್ಟು ನಡೆಯುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಬೀದಿಯ ವಾಕಿಂಗ್ ಬಳಗದ ವಾಟ್ಸಾಪ್ ಗುಂಪಿನಲ್ಲಿ ದಿನವೂ ಸಂಖ್ಯೆ ಹಾಕಿದೆ. ಬೆಳಗಿನ ಜಾವ ಮಫ್ಲರ್ ಸುತ್ತಿಕೊಂಡು ಕಲ್ಕೆರೆ ಕೆರೆಯ ಕಡೆ ಓಡುವವರು ಏಳೂವರೆ ಸಾವಿರದಲ್ಲಿ ಒದ್ದಾಡುವಾಗ ಹಾಸಿಗೆಯಲ್ಲಿದ್ದ ನಾನು ಅವರಿಗೆ ಧೈರ್ಯ ಹೇಳಿದೆ. ಒಂಬತ್ತು ಸಾವಿರ ನಡೆದವನು ಹಲಸೂರಿನಲ್ಲಿ ಇಳಿದು ಎರಡು ಬೋಂಡ ತಿಂದರೆ ತಪ್ಪೇನು? ಬೋಂಡದ ಖಾರಕ್ಕೆ ಒಂದು ಮೈಸೂರು ಪಾಕು ಬೇಡವೇ? ಪಂಕಜ ವಾಚು ನೋಡಿ, "ಪಾಪ, ಎಷ್ಟು ನಡೀತೀರಿ" ಎಂದು ರಾತ್ರಿ ಎರಡನೇ ಸಲ ಅನ್ನ ಬಡಿಸತೊಡಗಿದಳು.

ಮೂರು ತಿಂಗಳಾಯಿತು. ಹೊಸ ವರದಿ ಹಿಡಿದು ಇಬ್ಬರೂ ಡಾಕ್ಟರಮ್ಮನ ಎದುರು ಕುಳಿತೆವು. ನಾನು ವರನ ಠೀವಿಯಲ್ಲಿದ್ದೆ. ಅವರು ವರದಿ ಓದಿದರು, ಕನ್ನಡಕ ತೆಗೆದು ಮತ್ತೆ ಓದಿದರು. "ಇಳಿಯೋದಿರಲಿ, ಏರಿದೆಯಲ್ರೀ!"

"ಸಾಧ್ಯವೇ ಇಲ್ಲ ಡಾಕ್ಟ್ರೇ, ದಿನಾ ಒಂಬತ್ತು ಸಾವಿರ ನಡೀತಾರೆ" ಎಂದು ಪಂಕಜ ನನ್ನ ಫೋನು ತೆಗೆದು ಲೆಕ್ಕ ತೋರಿಸಿದಳು. ಡಾಕ್ಟರಮ್ಮ ಬೆರಳಾಡಿಸಿ ನೋಡಿದರು. "ಭಾನುವಾರ ಸಾವಿರದ ನಾನೂರು ಅಷ್ಟೇ ಇದೆ. ಬಾಕಿ ದಿನ ಹನ್ನೊಂದರಿಂದ ಒಂದರ ತನಕ, ಆಮೇಲೆ ಮೂರರಿಂದ ಐದರ ತನಕ ಬರೀ ನಡಿಗೆ. ಆ ಹೊತ್ತಲ್ಲಿ ಎಲ್ಲಿ ನಡೀತೀರಿ?"

"ಆಫೀಸಲ್ಲಿ ಸೀಟಲ್ಲಿರ್ತೀನಿ."

"ಸೀಟಲ್ಲಿ ಏನ್ ಕೆಲಸ?"

"ಇನ್‌ವರ್ಡ್ ಸೆಕ್ಷನ್ ಮೇಡಂ. ಬಂದ ಕಾಗದಕ್ಕೆಲ್ಲ ಸೀಲು ಹೊಡೀತೀನಿ."

ಡಾಕ್ಟರಮ್ಮ ಒಂದು ಕ್ಷಣ ನನ್ನ ಬಲಗೈಯನ್ನೇ ನೋಡಿದರು. ಆಮೇಲೆ ತಮ್ಮ ಸೀಲನ್ನೂ ಇಂಕ್ ಪ್ಯಾಡನ್ನೂ ಮುಂದೆ ತಳ್ಳಿ, ಒಂದು ರದ್ದಿ ಹಾಳೆ ಕೊಟ್ಟು, "ಎಲ್ಲಿ, ಹೊಡೀರಿ ನೋಡೋಣ" ಎಂದರು. ಮೂವತ್ತು ವರ್ಷದ ಅನುಭವ. ಪ್ಯಾಡಿಗೆ ಎರಡು, ಕಾಗದಕ್ಕೆ ಎರಡು, ಧಡಧಡ ಧಡಧಡ. ಅರ್ಧ ನಿಮಿಷದಲ್ಲಿ ನಲವತ್ತೆಂಟು ಹೆಜ್ಜೆ ನಡೆದಿದ್ದೆ. ಡಾಕ್ಟರಮ್ಮ ಮೇಜಿಗೆ ತಲೆ ಇಟ್ಟು ನಕ್ಕರು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಮಾತ್ರೆ ಬರೆದರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಆ ಚೀಟಿ ಕೈಗೆ ಬಂದಾಗ ನನಗೆ ನಗು ಬರಲಿಲ್ಲ. ಅಪ್ಪನ ಕಾಲು ಕಣ್ಣ ಮುಂದೆ ಬಂತು.

ದಾರಿಯುದ್ದಕ್ಕೂ ಪಂಕಜ ವಾಚಿಗೆ ಹಿಡಿಶಾಪ ಹಾಕಿದಳು, ಅಂಗಡಿಯವರಿಗೆ ಹಾಕಿದಳು, ಪಾಪದ ಅಮ್ಜದನಿಗೂ ಒಂದಿಷ್ಟು ಹಾಕಿದಳು. "ನಿಮ್ಮಂಥ ಮುಗ್ಧರನ್ನ ಹೀಗಾ ಮೋಸ ಮಾಡೋದು?" ಎಂದು ನನ್ನ ಭುಜ ಸವರಿದಳು. ನಾನೂ ದನಿಗೂಡಿಸಿ ವಾಚನ್ನು ಬಾಯಿಗೆ ಬಂದಂತೆ ಬೈದೆ.

ನಿಮಗೆ ಮಾತ್ರ ಹೇಳುತ್ತೇನೆ, ಪಂಕಜನ ಕಿವಿಗೆ ಬೀಳುವುದು ಬೇಡ. ವಾಚು ಕಟ್ಟಿದ ಎರಡನೇ ವಾರದಲ್ಲಿ ಒಂದು ದಿನ ಟಪಾಲು ಕಡಿಮೆ ಬಂದಿತ್ತು. ಕಚೇರಿ ಮುಚ್ಚುವ ಹೊತ್ತಿಗೆ ವಾಚು ಏಳು ಸಾವಿರದ ಏಳುನೂರರಲ್ಲಿ ನಿಂತಿತ್ತು. ಎದ್ದು ಗೇಟಿನ ತನಕ ಹೋಗಿ ಬಂದಿದ್ದರೆ ಇನ್ನು ಮುನ್ನೂರು ಹೆಜ್ಜೆ ತಾನಾಗಿ ಆಗುತ್ತಿತ್ತು. ನಾನು ಏಳಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಚಿತ ಮಾಡಿಕೊಂಡು, ಹಳೆಯ ದಿನಪತ್ರಿಕೆಯೊಂದನ್ನು ಮೇಜಿನ ಮೇಲೆ ಹರಡಿ, ಎಂಟು ಸಾವಿರವಾಗುವ ತನಕ ಸೀಲು ಹೊಡೆದೆ.