ಹಾಲಸ್ವಾಮಿ ಅಣ್ಣನ ಮೊದಲ ಸಲದ ಯಂತ್ರ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾವು ಮೂವರು ಹೆಂಗಸರು ಟಿವಿ ಮುಂದೆ ಕೂತಿದ್ದಾಗ, ಪಕ್ಕದ ಮನೆಯ ಹಾಲಸ್ವಾಮಿ ಅಣ್ಣ ಒಂದು ಯಂತ್ರವನ್ನು ಎದೆಗವಚಿಕೊಂಡು ನಮ್ಮ ನಡುಮನೆಗೆ ಬಂದರು. ಬ್ಯೂಟಿ ಪಾರ್ಲರಿನಲ್ಲಿ ಕೂದಲು ಒಣಗಿಸಲು ತಲೆಯ ಮೇಲೆ ಇಳಿಸುತ್ತಾರಲ್ಲ, ಆ ಬುಟ್ಟಿ. ಅದರ ನೆತ್ತಿಗೆ ಹಳೇ ಟಿವಿಯ ಆಂಟೆನಾ. ಪಕ್ಕದಲ್ಲಿ ವೈರು ಸುತ್ತಿದ ಒಂದು ಮಿಕ್ಸಿ ಜಾರು.

"ಅದು ನನ್ನ ಚಟ್ನಿ ಜಾರು" ಎಂದರು ಅವರ ಹೆಂಡತಿ ದಾಕ್ಷಾಯಣಕ್ಕ.

"ಇನ್ಮೇಲೆ ಅದು ವಿಜ್ಞಾನಕ್ಕೆ ಸೇರಿದ್ದು."

"ಹಂಗಾದ್ರೆ ರಾತ್ರಿ ಚಟ್ನೀನೂ ವಿಜ್ಞಾನವೇ ಅರೀಲಿ."

ಅಣ್ಣ ಇಲ್ಲೇ ದಾವಣಗೆರೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ಅಂದಿನಿಂದ ಕಂಡುಹಿಡಿಯುವುದೇ ಅವರ ಕೆಲಸ. ರೊಟ್ಟಿ ಬಡಿಯುವ ಯಂತ್ರ ಮಾಡಿದ್ದರು. ಮೊದಲ ರೊಟ್ಟಿ ಈಗಲೂ ಅವರ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ. ಮಳೆ ಬಂದರೆ ಬಟ್ಟೆಯನ್ನು ತಾನೇ ಒಳಗೆ ಎಳೆದುಕೊಳ್ಳುವ ಹಗ್ಗ ಮಾಡಿದ್ದರು. ಅದು ಬಿಸಿಲಲ್ಲಿ ಹಪ್ಪಳ ಒಣಗಿಸುತ್ತಿದ್ದ ದಾಕ್ಷಾಯಣಕ್ಕನನ್ನು ಸೆರಗು ಹಿಡಿದು ಒಳಗೆ ಎಳೆದುಕೊಂಡು ಹೋಯಿತು.

ಈ ಸಲದ ಯಂತ್ರ ಮಾತ್ರ ನಮಗೋಸ್ಕರ. ಅದಕ್ಕೆ ಕಾರಣ ಒಂದು ಸಿನಿಮಾ.

ಸಿನಿಮಾದ ಹೆಸರು 'ಮಾತಾಡೋದಿಲ್ಲ ಹೋಗ್ರಿ'. ಅದು ಹಳೇ ಕಾಲದ ಒಂದು ನಾಟಕದ ಕತೆಯನ್ನೇ ಈಗಿನ ಕಾಲಕ್ಕೆ ತಂದು ಮಾಡಿದ್ದು. ನಾಟಕದಲ್ಲಿ ಒಬ್ಬ ರಾಜಕುಮಾರಿ ನಾಯಕನ ಮೇಲೆ ಮುನಿಸಿಕೊಂಡು ಮಾತು ಬಿಡುತ್ತಾಳೆ. ತನ್ನ ಗಿಳಿಯ ಜೊತೆ ಮಾತ್ರ ಮಾತಾಡುತ್ತಾಳೆ. ಗಿಳಿಗೆ ಹೇಳಿದ್ದೆಲ್ಲ ತನಗೇ ಹೇಳಿದ್ದು ಅಂತ ನಾಯಕ ನಿಧಾನವಾಗಿ ಅರ್ಥ ಮಾಡಿಕೊಳ್ಳುತ್ತಾನೆ. ಸಿನಿಮಾದಲ್ಲಿ ಆ ರಾಜಕುಮಾರಿ ಬಸ್ ನಿಲ್ದಾಣದಲ್ಲಿ ಅನೌನ್ಸ್ ಮಾಡುವ ಹುಡುಗಿ, ನಾಯಕ ಕಂಡಕ್ಟರು, ಗಿಳಿಯ ಜಾಗದಲ್ಲಿ ಮೈಕು. ಅವಳು ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಾಳೆ, ಅವನೊಬ್ಬನ ಜೊತೆ ಬಿಟ್ಟು. "ಹರಿಹರದ ಬಸ್ಸು ಇವತ್ತೂ ತಡ, ಬರುವವರಿಗೆ ಬೇರೆಯವರ ಕಾಯುವಿಕೆಯ ಚಿಂತೆ ಇದ್ದಂತಿಲ್ಲ" ಎಂದು ಅವಳು ಮೈಕಿನಲ್ಲಿ ಹೇಳುವಾಗ ಕಂಡಕ್ಟರು ಟಿಕೆಟ್ ಹರಿಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಾನೆ. ಆ ಜಾಗ ಬಂದಾಗಲೆಲ್ಲ ನಾವು ಮೂವರೂ ಚುರುಮುರಿ ಅಗಿಯುವುದನ್ನು ನಿಲ್ಲಿಸುತ್ತೇವೆ.

ಆ ಸಿನಿಮಾ ನಮ್ಮ ಮನೆಗೆ ಬಂದದ್ದು ನಾನು ಕಾಲು ಮುರಿದುಕೊಂಡು ಮಲಗಿದ್ದಾಗ. ನಾನು ಬ್ಲೌಸ್ ಹೊಲಿಯುವವಳು, ಮನೆಯಲ್ಲಿ ಒಬ್ಬಳೇ. ಅಲ್ಲಿಯವರೆಗೆ ದಾಕ್ಷಾಯಣಕ್ಕನ ಜೊತೆ ಗೇಟಿನ ಹತ್ತಿರ ಎರಡು ಮಾತಷ್ಟೇ. ಮಹಡಿಯ ಮೇಲೆ ಬಾಡಿಗೆಗಿದ್ದ ಜಬೀನಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಅವಳ ಚಪ್ಪಲಿ ಸದ್ದು ಮಾತ್ರ ನನಗೆ ಪರಿಚಯ. ಒಂದು ದಿನ ದಾಕ್ಷಾಯಣಕ್ಕ ರೊಟ್ಟಿ ಹಿಡಿದು ಬಂದರು, ಹೊತ್ತು ಹೋಗಲಿ ಅಂತ ಈ ಸಿನಿಮಾ ಹಾಕಿದರು. ನಾವು ನಗುವುದು ಕೇಳಿ ಜಬೀನಾ ಮೆಟ್ಟಿಲು ಇಳಿದು ಬಂದಳು. ಕಾಲು ಕೂಡಿಕೊಂಡಿತು, ನಾವೂ ಕೂಡಿಕೊಂಡೆವು. ಈಗ ಪ್ರತಿ ಭಾನುವಾರ ಅದೇ ಸಿನಿಮಾ.

ನೋಡಿ ನೋಡಿ ಎಲ್ಲ ಮಾತೂ ಬಾಯಿಪಾಠವಾಗಿತ್ತು. "ಮೊದಲನೇ ಸಲ ನೋಡ್ದಂಗೆ ಇನ್ನೊಂದು ಸಲ ನೋಡೋ ಹಂಗಿದ್ರೆ ಎಷ್ಟು ಚಂದ ಇತ್ತು" ಅಂತ ದಾಕ್ಷಾಯಣಕ್ಕ ಒಮ್ಮೆ ಗಂಡನ ಮುಂದೆ ಅಂದಿದ್ದೇ ತಪ್ಪಾಯಿತು.

"ಈ ಬುಟ್ಟಿ ಸಿನಿಮಾದ ನೆನಪನ್ನ ಎಳೆದು ಜಾರಿಗೆ ತುಂಬ್ತದೆ. ಆಮೇಲೆ ಸಿನಿಮಾ ಹೊಸದು" ಎಂದರು ಅಣ್ಣ.

"ಬೇರೆ ನೆನಪು?" ಜಬೀನಾ ಕೇಳಿದಳು.

"ಮುಟ್ಟೋದಿಲ್ಲ. ಲೆಕ್ಕ ಹಾಕಿದೀನಿ."

ಮೊದಲು ದಾಕ್ಷಾಯಣಕ್ಕ ಕೂತರು, ಆಮೇಲೆ ಜಬೀನಾ. ಯಂತ್ರ ಗುಂಯ್ ಎಂದಿತು. ಜಾರಿನ ಒಳಗೆ ಗಂಜಿಯ ಹಬೆಯಂಥ ಬಿಳಿ ಏನೋ ತುಂಬತೊಡಗಿತು. ನಾನು ಇವರ ಮುಖ ನೋಡುವ ಆಸೆಗೆ ಕೊನೆಗೆ ಕೂರುತ್ತೇನೆಂದೆ.

ನಿಜ ಹೇಳುತ್ತೇನೆ, ಆ ಎರಡೂವರೆ ಗಂಟೆ ಅಂಥ ಸಂತೋಷ ನಾನು ಕಂಡಿಲ್ಲ. ಕಂಡಕ್ಟರು ಮೊದಲ ಸಲ ಜಾರಿ ಬಿದ್ದಾಗ ದಾಕ್ಷಾಯಣಕ್ಕ ನಕ್ಕು ನಕ್ಕು ಮಂಚದ ಕಾಲು ಹಿಡಿದುಕೊಂಡರು. ಹರಿಹರದ ಬಸ್ಸಿನ ಮಾತು ಬಂದಾಗ ಜಬೀನಾ, "ಅಯ್ಯೋ, ಅವಳು ಅವನಿಗೇ ಹೇಳ್ತಿರೋದು" ಎಂದು ನನ್ನ ಕೈ ಹಿಡಿದಳು. ಆ ಮಾತನ್ನು ಕಂಡುಹಿಡಿದವಳೇ ತಾನು ಅನ್ನುವ ಹಾಗೆ ಹೇಳಿದಳು. ಅಣ್ಣ ಬಾಗಿಲಲ್ಲಿ ನಿಂತು ಮೀಸೆ ಸವರಿಕೊಂಡರು.

ಸಿನಿಮಾ ಮುಗಿಯಿತು. ದಾಕ್ಷಾಯಣಕ್ಕ ಎದ್ದು ಸೆರಗು ಸರಿಮಾಡಿಕೊಂಡು ನನಗೆ ಕೈ ಮುಗಿದರು.

"ಭಾಳ ಚಲೋ ಪಿಕ್ಚರ್ ತೋರಿಸಿದ್ರಿ. ತಮ್ಮ ಹೆಸರು ಏನಂದ್ರಿ?"

ತಮಾಷೆ ಮಾಡುತ್ತಿದ್ದಾರೆಂದು ನಾನು ನಕ್ಕೆ. ಅವರು ನಗಲಿಲ್ಲ. "ಸ್ವಲ್ಪ ಕುಡಿಯೋ ನೀರು ಎಲ್ಲಿರ್ತದೆ ಹೇಳ್ತೀರಾ?" ಎಂದು ಸಂಕೋಚದಿಂದ ಕೇಳಿದರು. ನನ್ನ ಅಡುಗೆಮನೆಯ ಒಂದೊಂದು ಡಬ್ಬಿಯನ್ನೂ ಈಗಿರುವ ಜಾಗದಲ್ಲಿ ಜೋಡಿಸಿಟ್ಟದ್ದು ಅವರು, ನಾನು ಮಲಗಿದ್ದಾಗ. ನಾನೇ ನೀರು ತಂದುಕೊಟ್ಟೆ.

ಅಷ್ಟರಲ್ಲಿ ಜಬೀನಾ ದಾಕ್ಷಾಯಣಕ್ಕನನ್ನು, "ನೀವು ಈ ಮನೆಯವರ ಸಂಬಂಧಿಕರಾ?" ಎಂದು ಕೇಳಿದಳು. "ಇಲ್ಲಮ್ಮ, ನಾನು ನಿಮ್ಮನ್ನ ಸಂಬಂಧಿಕರು ಅಂದ್ಕಂಡೆ" ಎಂದರು ಅವರು. ಇಬ್ಬರೂ ಬಹಳ ಮರ್ಯಾದೆಯಿಂದ ಒಬ್ಬರಿಗೊಬ್ಬರು ಚುರುಮುರಿ ತಟ್ಟೆ ದಾಟಿಸುತ್ತಾ ಕೂತರು.

ನಾನು ಅಣ್ಣನನ್ನು ಮೂಲೆಗೆ ಎಳೆದೆ. "ಏನು ಮಾಡಿದ್ರಿ?"

ಅವರು ಯಂತ್ರದ ಹಿಂದೆ ಬಗ್ಗಿ ನೋಡಿದರು. ಜಾರು ಬಾಯಿಮಟ್ಟ ತುಂಬಿತ್ತು. "ಸ್ವಿಚ್ ಆರಿಸಿರಲಿಲ್ಲ" ಎಂದರು ಮೆಲ್ಲಗೆ. "ಒಮ್ಮೆ ಗುರುತು ಹಿಡಿದ ತಲೆಯಿಂದ ಇದು ದೂರದಿಂದಲೂ ಎಳೀತದೆ. ಸಿನಿಮಾದ ನೆನಪು ಖಾಲಿಯಾದ ಮೇಲೆ, ಅದಕ್ಕೆ ಅಂಟಿಕೊಂಡಿದ್ದನ್ನೆಲ್ಲ ಎಳೆದಿದೆ."

"ಸಿನಿಮಾಕ್ಕೆ ಅಂಟಿಕೊಂಡಿದ್ದು ನಾನು."

"ಅದು ನನ್ನ ಲೆಕ್ಕಕ್ಕೆ ಬರಲಿಲ್ಲ, ಶಿವಲೀಲಾ."

"ಹೆಂಡತಿಗೆ ನಿಮ್ಮ ನೆನಪು ಇದೆಯೋ ಇಲ್ಲವೋ?"

"ಇದೆ. ನಾನು ಯಾವತ್ತೂ ಆ ಸಿನಿಮಾ ನೋಡಿಲ್ಲವಲ್ಲ, ಅದಕ್ಕೇ ಉಳ್ಕಂಡೆ."

ನನಗೆ ಅಳು ಬಂತು. ಅವರು ಗಾಬರಿಯಾಗಿ, "ತಿರುಗಿಸ್ತೀನಿ, ಉಲ್ಟಾ ತಿರುಗಿಸಿದರೆ ಜಾರಿನದು ವಾಪಸ್ ತಲೆಗೆ ಹೋಗ್ತದೆ" ಎಂದು ಗುಂಡಿ ಹಿಂದಕ್ಕೆ ತಿರುಗಿಸಿದರು. ಹೋಗಬೇಕಾದ್ದು ಹಾಗೆಯೇ. ಆದರೆ ಆ ಜಾರಿನ ಮುಚ್ಚಳ ಮೊದಲಿನಿಂದಲೂ ಸಡಿಲ. ಚಟ್ನಿ ಅರೆಯುವಾಗ ದಾಕ್ಷಾಯಣಕ್ಕ ಅದನ್ನು ಅಂಗೈಯಲ್ಲಿ ಒತ್ತಿ ಹಿಡಿಯುತ್ತಿದ್ದರು. ಅಣ್ಣನಿಗೆ ಅದು ಗೊತ್ತಿರಲಿಲ್ಲ.

ಮುಚ್ಚಳ ಹಾರಿತು. ಬಿಳಿ ಹಬೆ ಮೊದಲು ಅಣ್ಣನ ಮುಖಕ್ಕೆ ಹೊಡೆಯಿತು, ಆಮೇಲೆ ಕಿಟಕಿಯಿಂದ ಹೊರಗೆ ನುಗ್ಗಿತು. ಕಿಟಕಿಯಾಚೆ ಹಾಲಿನ ರುದ್ರಪ್ಪ ಸಂಜೆಯ ಹಾಲು ಹಾಕಲು ಆಗ ತಾನೇ ಬೈಕು ನಿಲ್ಲಿಸುತ್ತಿದ್ದ. ಉಳಿದದ್ದು ಬೀದಿಯುದ್ದಕ್ಕೂ ತೇಲಿಹೋಯಿತು. ಯಂತ್ರ ಒಮ್ಮೆ ಕೆಮ್ಮಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು.

ಅಣ್ಣ ನೆಲದ ಮೇಲೆ ಕುಕ್ಕರಿಸಿದರು. ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡರು.

"ಅವತ್ತು ಎಷ್ಟು ಸೊಂಟ ನೋವು ನನಗೆ" ಎಂದರು. "ಪಕ್ಕದ ಮನೆಯಿಂದ ಹೊಲಿಗೆ ಮಿಷಿನ್ ಸದ್ದೇ ಇಲ್ಲ. ಬೆಳಗಿಂದ ಕಿವಿ ಕೊಟ್ಟು ಕೂತಿದ್ದೆ. ಆ ಹುಡುಗಿಗೆ ಏನಾಯ್ತೋ ಅಂತ ಜೀವ ತಡೀಲಿಲ್ಲ. ನಿಲ್ಲೋಕಾಗದಿದ್ರೂ ನಾಲ್ಕು ರೊಟ್ಟಿ ಬಡಿದೆ. ಆಗ ಒಳಗಿಂದ ಒಬ್ಬ ಮನುಷ್ಯ ಪಲ್ಯಕ್ಕೆ ಉಪ್ಪು ಕಡಿಮೆ ಅಂತ ಕೂಗಿದ."

"ಯಾರ್ರೀ ಆ ಮನುಷ್ಯ?" ದಾಕ್ಷಾಯಣಕ್ಕ ಸಿಟ್ಟಿನಿಂದ ಕೇಳಿದರು.

ಅಣ್ಣ ಸೊಂಟದಿಂದ ಕೈ ತೆಗೆದರು. "ನಾನೇ" ಎಂದರು.

ನನ್ನ ಕಾಲು ಮುರಿದಿದೆಯೆಂದು ಅಕ್ಕನಿಗೆ ಯಾರು ಹೇಳಿದರು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಯಾರೂ ಹೇಳಿರಲಿಲ್ಲ. ಮಿಷಿನ್ ಸದ್ದು ನಿಂತದ್ದು ಅವರಿಗೆ ಕೇಳಿಸಿತ್ತು. ಅದನ್ನು ನಾನು ಅವರ ಗಂಡನ ಬಾಯಿಂದ ಕೇಳಬೇಕಾಯಿತು, ಅವರಿಗೇ ಅದು ಮರೆತುಹೋದ ಮೇಲೆ. ನಾನು ಹೋಗಿ ಅಕ್ಕನ ಕೈ ಹಿಡಿದುಕೊಂಡೆ. ಗುರುತಿಲ್ಲದ ಹೆಂಗಸು ಯಾಕೆ ಕೈ ಹಿಡಿಯುತ್ತಾಳೆಂದು ಅವರಿಗೆ ಗೊತ್ತಾಗಲಿಲ್ಲ. ಆದರೂ ಬಿಡಿಸಿಕೊಳ್ಳಲಿಲ್ಲ.

ಆಗ ಬಾಗಿಲಲ್ಲಿ ರುದ್ರಪ್ಪ ಕಾಣಿಸಿದ. ಆರಡಿ ಆಳು, ಗಿರಿಜಾ ಮೀಸೆ. ಕಣ್ಣು ಕೆಂಪಾಗಿತ್ತು.

"ಲೀಲಕ್ಕ, ನೀವು ಅವತ್ತು ನಗದೇ ಇದ್ದಿದ್ರೆ ನಾನು ಏನಾಗ್ತಿದ್ನೋ" ಎಂದ. "ನನ್ನ ಮದುವೆ ಮಾತು ಮುರಿದ ದಿನ ಅದು. ಹುಡುಗನ ಕಡೆಯವರು ಫೋನ್ ಮಾಡಿ ಬೇಡ ಅಂದುಬಿಟ್ರು. ಮೇಲೆ ಬಾಗಿಲು ಹಾಕ್ಕಂಡು ಕೂತಿದ್ದೆ. ಕೆಳಗಿಂದ ನಗು ಕೇಳಿಸ್ತು. ಮುಖ ತೊಳ್ಕಂಡು ಇಳಿದು ಬಂದೆ. ನೀವು ಏನೂ ಕೇಳಲಿಲ್ಲ, ಕೂರೋಕೆ ಜಾಗ ಮಾಡಿದ್ರಿ."

ಜಬೀನಾಳ ಮುಖ ಬಿಳಿಚಿತು. ರುದ್ರಪ್ಪನಿಗೆ ಹಾಲು ಒಳಗೆ ಇಟ್ಟು ಹೋಗಲು ಹೇಳಿ, ನಾನು ಅವಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ.

"ಆ ಫೋನು ನನಗೆ ನೆನಪಿದೆ" ಎಂದಳು ಅವಳು. "ಆಮೇಲೆ ಆ ದಿನ ಹೇಗೆ ಕಳೆದೆ ಅನ್ನೋದು ಎಷ್ಟು ಯೋಚಿಸಿದ್ರೂ ಹೊಳೀತಿಲ್ಲ."

"ನಮ್ಮನೇಲಿ ಕಳೆದೆ."

"ಹೌದಾ?" ಅವಳು ಮೆಟ್ಟಿಲ ಮೇಲೆ ಕೂತಳು. "ಹಂಗಾದ್ರೆ ಒಳ್ಳೇದಾಯ್ತು."

ನನ್ನ ಕಷ್ಟಕ್ಕೆ ಅವರಿಬ್ಬರು ಬಂದರು, ಅವರ ಋಣ ನನ್ನ ಮೇಲಿದೆ ಅಂತ ನಾನು ಅಂದುಕೊಂಡಿದ್ದೆ. ನನ್ನಿಂದಲೂ ಯಾರಿಗೋ ಏನೋ ಆಗಿತ್ತು ಅನ್ನುವುದು ಹಾಲಿನವನು ಹೇಳುವವರೆಗೆ ತಿಳಿಯಲಿಲ್ಲ. ಅವತ್ತು ಅಣ್ಣನ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ಆದರೆ ಬೀದಿಯ ಕತೆ ಮುಗಿದಿರಲಿಲ್ಲ. ತೇಲಿಹೋದ ನೆನಪು ಒಬ್ಬೊಬ್ಬರಿಗೆ ಒಂದೊಂದು ಚೂರು ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಡಿಯವರು ಬಂದು, ನನ್ನನ್ನು ಬಾತ್‌ರೂಮಿಗೆ ಕೈ ಹಿಡಿದು ನಡೆಸಿದ ದಿನ ನೆನಪಾಯಿತು ಎಂದು ಕಣ್ಣೊರೆಸಿಕೊಂಡರು. ಅವರು ನಮ್ಮ ಗೇಟು ದಾಟಿದ್ದೇ ಅದು ಮೊದಲ ಸಲ. ಎದುರು ಮನೆಯ ನಿವೃತ್ತ ಇಂಜಿನಿಯರು, ನಾಲ್ಕು ವರ್ಷದಿಂದ ಪಾರ್ಕಿಂಗ್ ವಿಷಯಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದವರು, "ಊಟ ಆಯ್ತೇನಮ್ಮ?" ಎಂದು ಬಾಳೆಹಣ್ಣು ಕೊಟ್ಟು ಹೋದರು. ಯಾಕೆ ಕೊಟ್ಟೆನೆಂದು ಅವರಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ನಾನು ಒಬ್ಬಳೇ ಟಿವಿ ಮುಂದೆ ಕೂತಿದ್ದೆ, ಯಾರೂ ಬರಲಿಕ್ಕಿಲ್ಲ ಅಂತ. ಬಾಗಿಲು ಸದ್ದಾಯಿತು. ದಾಕ್ಷಾಯಣಕ್ಕ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದರು.

"ತಪ್ಪು ತಿಳೀಬ್ಯಾಡ್ರಿ. ಪಿಕ್ಚರ್ ಇನ್ನೊಂದು ಸಲ ನೋಡಬೇಕು ಅನ್ನಿಸ್ತು. ರೊಟ್ಟಿ ಇವರೇ ಬಡಿದಿದ್ದು" ಎಂದರು. ಹಿಂದೆ ಅಣ್ಣ ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿದ್ದರು. ಜಬೀನಾಳ ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು. ಅವಳ ಹಿಂದೆ ಇಸ್ತ್ರಿಯವರು, ಇಂಜಿನಿಯರು, ರುದ್ರಪ್ಪ. ಬೀದಿಯವರಿಗೆಲ್ಲ ಸಿನಿಮಾದ ಒಂದೊಂದು ತುಂಡು ನೆನಪಿತ್ತು, ಪೂರ್ತಿ ಅವರಲ್ಲಿ ಯಾರಿಗೂ ಇರಲಿಲ್ಲ. ಹರಿಹರದ ಬಸ್ಸಿನ ಮಾತು ಬರುವ ಮೊದಲೇ ಅಣ್ಣ ಅದನ್ನು ಹೇಳಿಬಿಟ್ಟರು. "ಮುಂದಿನದು ಹೇಳಬ್ಯಾಡ್ರಿ, ಇವರೆಲ್ಲ ಹೊಸಬರು" ಎಂದು ದಾಕ್ಷಾಯಣಕ್ಕ ಅವರ ಬೆನ್ನಿಗೆ ಗುದ್ದಿದರು. ಇಡೀ ಮನೆ ನಕ್ಕಿತು. ಆ ಸದ್ದಿನ ನಡುವೆ ನಾನು ಕೂತಿದ್ದೆ. ಬೇಡಿಕೊಂಡಿದ್ದರೂ ಇಷ್ಟು ಸಿಗುತ್ತಿರಲಿಲ್ಲ.

ಈಗ ಉಳಿದಿರುವ ತೊಂದರೆ ಒಂದೇ. ನಿನ್ನೆ ರುದ್ರಪ್ಪನ ಹೆಂಡತಿ ಬಂದು, ತನ್ನ ಗಂಡನನ್ನು ಫೋನಿನಲ್ಲಿ ಬೇಡವೆಂದ ಆ ಹುಡುಗ ಯಾರು ಎಂದು ಕೇಳಿದಳು. ವಿಜ್ಞಾನದ ವಿಷಯ ನನಗೆ ತಿಳಿಯದೆಂದು ಹೇಳಿ, ವಿವರಿಸಲು ಹಾಲಸ್ವಾಮಿ ಅಣ್ಣನನ್ನು ಅವರ ಮನೆಗೆ ಕಳಿಸಿದ್ದೇನೆ. ಅವರು ಇನ್ನೂ ವಾಪಸ್ ಬಂದಿಲ್ಲ.