ನನಗೆ ಬಂದದ್ದು ವೈರಾಗ್ಯವಲ್ಲ

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದು ನಂಬಿಕೊಂಡಿದ್ದೆ. ಐವತ್ತು ದಾಟಿದ ಮೇಲೆ ಗೊತ್ತಾಯಿತು, ಅದು ಕಡಿಮೆಯಾಗುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೆ. ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ, ಶಿಕಾರಿಪುರದ ಹೈಸ್ಕೂಲಿನಲ್ಲಿ ಹಿಂದಿನ ಬೆಂಚಿನವರನ್ನೂ ನಡುಗಿಸುವ ಕನ್ನಡ ಟೀಚರ್ ನಾನು. ಆದರೆ ಮುಟ್ಟು ನಿಂತ ಮೇಲೆ ಶುರುವಾದ ತೊಂದರೆಯೊಂದನ್ನು ಗಂಡನಿಗೂ ಹೇಳಲಾಗದೆ ವರ್ಷ ಕಳೆದೆ. ಯೋನಿ ಒಣಗಿ ಉರಿಯುತ್ತಿತ್ತು. ಕೂತರೆ ತುರಿಕೆ, ಸ್ಕೂಟರ್ ಹತ್ತಿದರೆ ಉರಿ, ದಾಂಪತ್ಯದ ಮಾತಂತೂ ಕೇಳುವುದೇ ಬೇಡ. ಸದ್ದಿಲ್ಲದೆ ನನ್ನ ಹಾಸಿಗೆಯನ್ನು ಪಕ್ಕದ ಕೋಣೆಗೆ ಸಾಗಿಸಿದೆ.

ನಮ್ಮ ಯಜಮಾನರದು ಬೀಜ, ಗೊಬ್ಬರದ ಅಂಗಡಿ. ಎಲೆ ನೋಡಿ ಬೆಳೆಯ ರೋಗ ಹೇಳುವ ಮನುಷ್ಯ ನನ್ನನ್ನೂ ಹಾಗೇ ದಿಟ್ಟಿಸಿ ನೋಡಿ ತೀರ್ಮಾನಕ್ಕೆ ಬಂದರು. ನನ್ನ ತವರು ಉಡುತಡಿ. ಶಿವನೇ ಗಂಡನೆಂದು ಸಂಸಾರ ತೊರೆದು ನಡೆದವಳ ಊರು. "ನಿಂಗ ನಿಮ್ಮೂರ ಗಾಳಿ ಹೊಡದೈತಿ" ಎಂದರು, ಕೋಪದಿಂದಲ್ಲ, ಭಕ್ತಿಯಿಂದ. ನನಗೆ ಸರಿಸಮವಾಗಲೆಂದು ತಾವು ಈರುಳ್ಳಿ ಬಿಟ್ಟರು, ಬೆಳಗಿನ ಪೂಜೆಯನ್ನು ಉದ್ದ ಮಾಡಿದರು. ಅಂಗಡಿಗೆ ಬಂದ ಗಿರಾಕಿಗಳಿಗೆ, "ಮನ್ಯಾಗ ಸ್ವಲ್ಪ ವೈರಾಗ್ಯ ಬಂದೈತ್ರೀ" ಎಂದು ಯೂರಿಯಾ ತೂಗುತ್ತಲೇ ಹೇಳತೊಡಗಿದರು. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ನನ್ನ ಕಾಲು ಮುಟ್ಟಿ ಆಶೀರ್ವಾದ ಕೇಳಿದಳು. ಬೇಡವೆಂದರೆ ಕಾರಣ ಹೇಳಬೇಕಲ್ಲ, ತಲೆಯ ಮೇಲೆ ಕೈಯಿಟ್ಟೆ.

ಹೀಗೇ ಸಂತಳಾಗಿ ಉಳಿದುಬಿಡುತ್ತಿದ್ದೆನೋ ಏನೋ. ಒಂದು ಸಂಜೆ ಯಜಮಾನರು ಚಹಾ ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದರು: "ನಾನೇನರ ತಪ್ಪು ಮಾಡೀನೇನು? ಹೇಳಿದ್ರ ತಿದ್ದಿಕೊಂತೀನಿ." ಆ ಮನುಷ್ಯ ಇಷ್ಟು ದಿನ ತನ್ನ ತಪ್ಪನ್ನೇ ಹುಡುಕಿಕೊಂಡಿದ್ದಾರೆಂದು ಆಗ ಹೊಳೆಯಿತು.

ಶಿಕಾರಿಪುರದಲ್ಲಿ ಯಾವ ಆಸ್ಪತ್ರೆಗೆ ಹೋದರೂ ನನ್ನ ಶಿಷ್ಯೆಯ ತಾಯಿಯೊಬ್ಬರು ಸಿಕ್ಕೇ ಸಿಗುತ್ತಾರೆ. ಅದಕ್ಕೇ ರಜೆ ಹಾಕಿ ಸೊರಬದ ಬಸ್ ಹತ್ತಿದೆ. ಅಲ್ಲಿನ ಲೇಡಿ ಡಾಕ್ಟರ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತಿದ್ದವಳು ಬೇರಾರೂ ಅಲ್ಲ, ಕುಪ್ಪಗಡ್ಡೆಗೆ ಕೊಟ್ಟ ನನ್ನ ನಾದಿನಿ ಗೌರಿ.

"ಎಂತ ಅತ್ತಿಗೆ, ನೀವಿಲ್ಲಿ?"

"ಮಂಡಿನೋವು," ಎಂದೆ.

"ನಂಗೂ ಅದೇ," ಎಂದಳು.

ನಮ್ಮ ತಲೆಯ ಮೇಲೆಯೇ 'ಸ್ತ್ರೀರೋಗ ತಜ್ಞೆ' ಎಂಬ ಬೋರ್ಡು ತೂಗುತ್ತಿತ್ತು. ಇಬ್ಬರೂ ಅದನ್ನು ನೋಡಿದೆವು, ಒಬ್ಬರನ್ನೊಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಗೌರಿ ಸೆರಗನ್ನು ಬಾಯಿಗಿಟ್ಟುಕೊಂಡು ಪಿಸುಗುಟ್ಟಿದಳು: "ನಾನು ಲೋಳೆಸರ ಹಚ್ಚಿ ನೋಡ್ದೆ, ತುಪ್ಪಾನೂ ಹಚ್ಚಿ ನೋಡ್ದೆ. ಉರಿ ಹೋಗ್ಲಿಲ್ಲ. ನೀವು ಎಂತ ಹಚ್ಚಿದ್ರಿ?" ನಾನು ನಗಲು ಶುರು ಮಾಡಿದವಳು ಯಾಕೋ ಅತ್ತುಬಿಟ್ಟೆ.

ಒಳಗೆ ಡಾಕ್ಟರು ತೊಂದರೆ ಏನೆಂದು ಕೇಳಿದರು. "ಅದು ಉರೀತದೆ," ಎಂದೆ. "ಅದು ಅಂದ್ರೆ?" "ಅದೇ." ಸರ್ವನಾಮದ ಪಾಠವನ್ನು ಇಷ್ಟು ವರ್ಷ ಮಾಡಿದ್ದರ ಫಲ ಇದು. ಡಾಕ್ಟರು ನಗದೆ ಪರೀಕ್ಷೆ ಮಾಡಿದರು. ಹಿಂದೆ ಎದೆಯಲ್ಲಿ ಕ್ಯಾನ್ಸರ್ ಗಂಟಾಗಿ ಆಪರೇಷನ್ ಆಗಿತ್ತೆಂದು ಹೇಳಿದಾಗ ಬರೆಯುವುದನ್ನು ನಿಲ್ಲಿಸಿದರು. "ಹಾಗಿದ್ರೆ ಹಾರ್ಮೋನ್ ತಂಟೆಗೆ ಈಗ ಹೋಗೋದು ಬೇಡ. ಅದಿಲ್ಲದ ದಾರಿಗಳಿವೆ," ಎಂದು ಬಿಡಿಸಿ ಹೇಳಿದರು. ಹಿಮ್ಮಡಿ ಒಡೆದರೆ ಕ್ರೀಮು ಹಚ್ಚುವಂತೆ, ಒಳಗಿನ ಚರ್ಮಕ್ಕೂ ತೇವ ಹಿಡಿದಿಡುವ ಮಾಯಿಶ್ಚರೈಸರ್ ಇದೆ, ವಾರದಲ್ಲಿ ಕೆಲವು ಸಲ ತಪ್ಪದೆ ಬಳಸಬೇಕು. ಗಂಡ ಹೆಂಡತಿ ಕೂಡುವಾಗ ಜಾರಿಕೆಗೆಂದು ನೀರಿನಂಶದ ಜೆಲ್ ಬೇರೆ. ಸೋಪು, ಪರಿಮಳದ ವಾಶ್ ಯಾವುದೂ ಒಳಗೆ ಸೋಕಬಾರದು. ರಕ್ತ ಕಂಡರೆ ಮಾತ್ರ ತಡಮಾಡದೆ ಬರಬೇಕು. "ತುಪ್ಪ ರೊಟ್ಟಿಗೆ ಇರಲಿ," ಎಂದು ಗೌರಿಗೆ ಪ್ರತ್ಯೇಕವಾಗಿ ಹೇಳಿದರಂತೆ.

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ, ಈ ಸಲ ಸರ್ವನಾಮವಿಲ್ಲದೆ. "ಇಷ್ಟು ದಿನ ಒಬ್ಬಾಕಿನೇ ಅನುಭವಿಸಿದಿ," ಎಂದರು. ಆಮೇಲೆ ತಾವೇ ಎದ್ದುಹೋಗಿ ಒಂದು ಈರುಳ್ಳಿ ಹೆಚ್ಚಿಕೊಂಡು ಬಂದು ಮಂಡಕ್ಕಿಗೆ ಕಲಸಿದರು.

ಉರಿ ಒಂದೇ ದಿನಕ್ಕೆ ಹೋಗಲಿಲ್ಲ, ವಾರಗಳು ಹಿಡಿದವು. ಈಗ ಸ್ಕೂಟರಿನ ಮೇಲೆ ಆರಾಮಾಗಿ ಶಾಲೆಗೆ ಹೋಗುತ್ತೇನೆ. ಹಾಸಿಗೆಯೂ ಹಳೆಯ ಕೋಣೆಗೆ ಮರಳಿದೆ. ಆದರೆ ಆ ಮಾಯಿಶ್ಚರೈಸರ್ ಟ್ಯೂಬು ಬಂದುಹೋಗುವವರ ಕಣ್ಣಿಗೆ ಬಿದ್ದೀತೆಂದು ಅದನ್ನು ಟೂತ್‌ಪೇಸ್ಟಿನ ಲೋಟದಲ್ಲಿ ಬಚ್ಚಿಟ್ಟಿದ್ದೆ. ಮೊನ್ನೆ ಬೆಳಿಗ್ಗೆ ಕನ್ನಡಕವಿಲ್ಲದೆ ಹಲ್ಲುಜ್ಜುತ್ತ, "ಇದೆಂಥ ಪೇಸ್ಟು ತಂದೀರಿ, ಎಷ್ಟು ತಿಕ್ಕಿದ್ರೂ ನೊರೆನೇ ಬರಲ್ಲ," ಎಂದು ಅವರನ್ನು ಬೈದೆ. ಅವರು ಬಂದು ಟ್ಯೂಬನ್ನು ಕೈಗೆ ತೆಗೆದುಕೊಂಡು, ಕೀಟನಾಶಕದ ಲೇಬಲ್ ಓದುವ ಹಾಗೆ ನಿಧಾನವಾಗಿ ಓದಿದರು.

"ಯಾಕ, ಬಾಯೀನೂ ಒಣಗಿತ್ತೇನು?" ಎಂದರು.